ಅಮಾವಾಸ್ಯೆಗೆ ನಿಂತ ಗುಳಿಗೆ

ಕಮಲಾಪುರದ ಆಶಾ ಕಾರ್ಯಕರ್ತೆ ಮರೆಮ್ಮ ಸಿಟ್ಟಿಗೆದ್ದರೆ ಮೊದಲು ಕೊಡೆ ಕೆಳಗಿಡುತ್ತಾಳೆ, ಆಮೇಲೆ ಚೀಲ ಇಡುತ್ತಾಳೆ, ಆಮೇಲೆ ಬಾಯಿ ತೆಗೆಯುತ್ತಾಳೆ. ಓಣಿಯ ಹೆಣ್ಣುಮಕ್ಕಳಿಗೆಲ್ಲ ಇದು ಗೊತ್ತು. ಕೊಡೆ ಗೋಡೆಗೆ ಆನಿತೆಂದರೆ, ‘ಇವತ್ತ ಯಾರದೋ ಗ್ರಹಚಾರ’ ಎಂದುಕೊಂಡು ಕದ ಮುಂದೆ ಮಾಡಿಕೊಳ್ಳುತ್ತಾರೆ.

ಆಕೆಗೆ ಈಗ ನಲವತ್ತೆಂಟು. ಹುಟ್ಟಿದ್ದು ತಾಜಸುಲ್ತಾನಪುರದಲ್ಲಿ. ಏಳನೆಯ ಇಯತ್ತೆ ಮುಗಿಸಿ, ಹದಿನೇಳಕ್ಕೆ ಗೋಡೆ ಕಟ್ಟುವ ಗೌಂಡಿ ಖಂಡೆಪ್ಪನ ಕೈ ಹಿಡಿದು ಕಮಲಾಪುರಕ್ಕೆ ಬಂದಳು. ಎರಡು ಹೆತ್ತ ಮೇಲೆ ಸಾಕೆನಿಸಿ, ನರ್ಸಬಾಯಿ ಕೊಟ್ಟ ಬಸಿರು ತಡೆಯುವ ಗುಳಿಗೆ ತೆಗೆದುಕೊಳ್ಳತೊಡಗಿದಳು. ಪಟ್ಟಿ ಬೇಗ ಖಾಲಿಯಾಗುತ್ತದಲ್ಲ, ಮತ್ತೆ ಕೇಳಲು ನಾಚಿಕೆ ಎಂದು ದಿನ ಬಿಟ್ಟು ದಿನ ನುಂಗಿದಳು. ಮೂರನೆಯವನು ಹುಟ್ಟಿದ. ಅವನೀಗ ಮೀಸೆ ಬಂದ ಗಂಡಸು. ಆದರೂ ಸಿಟ್ಟು ಬಂದಾಗ, “ಇವ ನೋಡ್ರಿ, ನಾ ಗುಳಿಗಿ ಉಳಿಸಿದ ಪುಣ್ಯ” ಎಂದು ನಾಲ್ಕು ಮಂದಿಯ ಮುಂದೆ ಅಂದುಬಿಡುತ್ತಾಳೆ. ಅವನು ತಲೆ ತಗ್ಗಿಸಿ ಎದ್ದು ಹೋಗುತ್ತಾನೆ.

ಆಶಾ ಆಗಿ ಹದಿನೇಳು ವರ್ಷವಾಯಿತು. ಈ ಹದಿನೇಳು ವರ್ಷ ಒಂದೇ ಮಾತು ಹೇಳಿ ಹೇಳಿ ಆಕೆಯ ನಾಲಗೆ ಸವೆದಿದೆ. ಪಟ್ಟಿಯಲ್ಲಿ ಇಪ್ಪತ್ತೆಂಟು ಗುಳಿಗೆ. ಇಪ್ಪತ್ತೊಂದು ಬಿಳಿ, ಏಳು ಕಂದು. ಬಿಳಿಯವು ಬಸಿರು ತಡೆಯುವವು. ಕಂದು ಗುಳಿಗೆ ಬರೀ ರಕ್ತ ಹೆಚ್ಚಾಗಲಿಕ್ಕೆ, ಆ ಏಳು ದಿನದಲ್ಲೇ ಮುಟ್ಟು ಬರುವುದು. ಒಂದು ಪಟ್ಟಿ ಮುಗಿದ ಮರುದಿನವೇ ಇನ್ನೊಂದು. ನಡುವೆ ಒಂದು ದಿನವೂ ಖಾಲಿ ಇಲ್ಲ. ಇಷ್ಟೇ ಮಾತು. ಎಮ್ಮೆಗೆ ಹೇಳಿದ್ದರೆ ಎಮ್ಮೆಗಾದರೂ ತಿಳಿಯುತ್ತಿತ್ತು.

ಒಬ್ಬಾಕೆ ಕಂದು ಗುಳಿಗೆ ಕಾವು ಎಂದು ತಿಪ್ಪೆಗೆ ಎಸೆದು, ಆ ಏಳು ದಿನ ಎಣಿಸುವುದನ್ನೇ ಮರೆತಳು. ಇನ್ನೊಬ್ಬಾಕೆ ಗಂಡ ಊರಿಗೆ ಬಂದ ದಿನ ಮಾತ್ರ ನುಂಗಿದಳು, ತಲೆನೋವಿನ ಗುಳಿಗೆಯಂತೆ. ಮತ್ತೊಂದು ಮನೆಯಲ್ಲಿ ಅತ್ತೆ ಎಲ್ಲ ಪಟ್ಟಿ ಒಡೆದು ಗುಲಾಬಿ ಗಿಡದ ಬುಡಕ್ಕೆ ಹಾಕಿದ್ದಳು. ಹೂವು ದಪ್ಪ ಬಿಡುತ್ತದೆಂದು ಯಾರೋ ಹೇಳಿದ್ದರಂತೆ. ಮರೆಮ್ಮ ಹೋಗಿ ನೋಡಿದರೆ ಗಿಡದಲ್ಲಿ ನಾಲ್ಕು ಹೂವು, ಸೊಸೆಗೆ ಮೂರು ತಿಂಗಳು.

“ಗುಳಿಗಿ ತಗೊಂಡ್ರೂ ಬಸರಾಗ್ತಾರಂತಲ್ಲ ಮರೆವ್ವ” ಎಂದು ಕಟ್ಟೆಯ ಮೇಲೆ ಕುಳಿತವರು ಕೇಳುತ್ತಾರೆ.

“ದಿನಾ ತಪ್ಪದೇ ತಗೊಂಡ್ರ ವರ್ಷದಾಗ ನೂರು ಮಂದ್ಯಾಗ ಒಬ್ಬಾಕಿಗಿ ನಿಂತರ ಭಾಳಾತು. ನೀವು ತಗೊಂಡಂಗ ತಗೊಂಡ್ರ ಏಳೆಂಟು ಮಂದಿಗಿ ನಿಂದರ್ತದ. ತಪ್ಪು ಗುಳಿಗೀದು ಅಲ್ಲ, ನಿಮ್ಮದು!” ಎನ್ನುತ್ತಾಳೆ. ಅವರು ನಗುತ್ತಾರೆ. ಆಕೆ ನಗುವುದಿಲ್ಲ.

ಹಾಗಂತ ತಪ್ಪಿಸಿದವರನ್ನೆಲ್ಲ ಒಂದೇ ಕೋಲಿನಿಂದ ಹೊಡೆಯುವವಳೂ ಅಲ್ಲ. ಹಿಂದಿನ ಓಣಿಯ ಉಮ್ಮೆ ಹಾನಿ ಎಂಬಾಕೆ ಒಂದು ದಿನ ಮರೆತು, ಮರುದಿನ ಅಳುತ್ತ ಓಡಿ ಬಂದಿದ್ದಳು. “ಒಂದ ತಪ್ಪಿದ್ರ ಏನೂ ಆಗಂಗಿಲ್ಲ ಬೇಟಿ. ನೆನಪಾದ ಕೂಡಲೇ ಅದನ್ನ ನುಂಗು, ಇವತ್ತಿಂದು ಇವತ್ತಿನ ಹೊತ್ತಿಗಿ ನುಂಗು. ಎರಡೂ ಒಂದೇ ದಿನ ಆದ್ರೂ ನಡೀತದ” ಎಂದು ಬೆನ್ನು ಸವರಿ ಕಳಿಸಿದ್ದಳು. ಅಂಜಬೇಕಾದವರು ಅಂಜುವುದಿಲ್ಲ, ಅಂಜಬಾರದವರು ಅಳುತ್ತಾರೆ. ಮರೆಮ್ಮನ ತಲೆಬೇನೆ ಇದೇ.

ಅಂಜಬೇಕಾಗಿದ್ದವಳು ಪ್ರೀತಿ. ಚಂದಮ್ಮನ ಸೊಸೆ, ಲಾರಿ ಓಡಿಸುವ ಆನಂದಕುಮಾರನ ಹೆಂಡತಿ. ವಯಸ್ಸು ಇಪ್ಪತ್ಮೂರು. ಹತ್ತು ತಿಂಗಳ ಹಿಂದೆ ಕಲಬುರಗಿಯ ಸೇಡಂ ರಸ್ತೆಯ ಒಂದು ದವಾಖಾನೆಯಲ್ಲಿ ಆಪರೇಷನ್ ಮಾಡಿ ಹೆಣ್ಣು ಕೂಸು ತೆಗೆದರು. ಕೂಸು ಅತ್ತಿತು, ತಾಯಿಯ ರಕ್ತ ನಿಲ್ಲಲಿಲ್ಲ. ಮಟಮಟ ಮಧ್ಯಾಹ್ನ. ಮರೆಮ್ಮ ಚೀಟಿ ಹಿಡಿದು ರಸ್ತೆ ದಾಟಿ ಔಷಧಿ ಅಂಗಡಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಚಪ್ಪಲಿಯ ಉಂಗುಟ ಹರಿದದ್ದು ಸಂಜೆ ಗೊತ್ತಾಯಿತು. ಐದು ಬಾಟಲಿ ರಕ್ತ ಏರಿಸಿದರು. ಚಂದಮ್ಮ ಮೊಮ್ಮಗಳನ್ನು ಮಡಿಲಲ್ಲಿ ಇಟ್ಟುಕೊಂಡು ವರಾಂಡದ ನೆಲದ ಮೇಲೆ ಕಲ್ಲಾಗಿ ಕುಳಿತಿದ್ದಳು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಮೂವರನ್ನೂ ನಿಲ್ಲಿಸಿ ಹೇಳಿದ್ದಳು: “ಎರಡು ವರ್ಷ ಇನ್ನೊಂದು ಬಸಿರು ಬೇಡ. ಬೇಗ ನಿಂತರೆ ನಾನು ಹೊಣೆ ಅಲ್ಲ.”

ಕೂಸಿಗೆ ಏಳು ತಿಂಗಳಾದ ಮೇಲೆ ಪ್ರೀತಿಗೆ ಗುಳಿಗೆ ಶುರುವಾಯಿತು. ರಾತ್ರಿ ಉಂಡ ಮೇಲೆ, ಪಾತ್ರೆ ತೊಳೆದಿಟ್ಟು, ಒಂದು. ಎರಡು ಪಟ್ಟಿ, ಮೂರು ಪಟ್ಟಿ, ಒಂದೂ ತಪ್ಪಿಸಲಿಲ್ಲ. ಇಡೀ ಓಣಿಯಲ್ಲಿ ಒಬ್ಬಳಾದರೂ ಬುದ್ಧಿವಂತೆ ಸಿಕ್ಕಳು ಎಂದು ಮರೆಮ್ಮ ನೆಮ್ಮದಿಯಾಗಿದ್ದಳು.

ಒಂದು ಬುಧವಾರ, ಬಿಸಿಲೇರುವ ಹನ್ನೊಂದರ ಹೊತ್ತು. ಕೂಸಿನ ತೂಕ ನೋಡಲು ಹೋದಾಗ ಪ್ರೀತಿ ತಾನಾಗಿಯೇ ಅಂದಳು.

“ಯಕ್ಕಾ, ಇವತ್ತ ರಾತ್ರಿ ಹೊಸಾ ಪಟ್ಟಿ ಶುರು ಮಾಡ್ತೀನಿ ನೋಡ್ರಿ.”

“ಹಳೇದು ಎಂದ ಮುಗೀತು?”

“ಶನಿವಾರ.”

“ಶನಿವಾರ ಮುಗದ್ರ ಐತವಾರ ಶುರು ಮಾಡಬೇಕಿಲ್ಲ?”

“ಐತವಾರ ಅಮಾಸಿ ಇತ್ತಲ್ರಿ. ಅಮಾಸಿ ದಿನ ಹೊಸಾ ಔಷಧ ಬಾಯಿಗಿ ಹಚ್ಚಬಾರದು ಅಂದ್ರು ಅತ್ತಿ.”

ಮರೆಮ್ಮ ಕೊಡೆ ಗೋಡೆಗೆ ಆನಿಸಿದಳು.

“ಸೋಮವಾರ?”

“ಪಾಡ್ಯ.”

“ನಿನ್ನಿ?”

“ಮಂಗಳವಾರ ಯಾರರ ಹೊಸಾದು ಶುರು ಮಾಡ್ತಾರೇನ್ರಿ?” ಎಂದು ಪ್ರೀತಿ ಬೆರಗಿನಿಂದ ಕೇಳಿದಳು. ಇಷ್ಟೂ ತಿಳಿಯದೆ ಆಶಾ ಹೇಗಾದಳು ಈಕೆ ಎಂಬಂತೆ.

ಚೀಲವೂ ಕೆಳಗೆ ಬಂತು. “ಆನಂದಕುಮಾರ ಬಂದಿದ್ನ?”

ಪ್ರೀತಿ ಕೂಸಿನ ಅಂಗಿಯ ಗುಂಡಿ ಹಾಕತೊಡಗಿದಳು. ಅದು ಆಗಲೇ ಹಾಕಿಯಾಗಿತ್ತು. “ಅಮಾಸಿಗಿ ಗಾಡಿ ನಿಂದರ್ತದಲ್ರಿ. ಪೂಜಿ ಮಾಡಿ, ನಿಂಬಿಹಣ್ಣ ಕಟ್ಟಿ, ಐತವಾರ ಇಲ್ಲೇ ಇದ್ರು. ಸೋಮವಾರ ನಾಗಪುರಕ್ಕ ಹೋಗ್ಯಾರ.”

ಮರೆಮ್ಮ ಹಣೆ ಹಣೆ ಬಡಿದುಕೊಂಡಳು. “ಭಲೆ! ಅಮಾಸಿಗಿ ಗಾಡಿ ನಿಂದರ್ತದ, ಅದಕ್ಕ ಗಂಡ ಮನಿಗಿ ಬರ್ತಾನ. ಅದೇ ಅಮಾಸಿಗಿ ನಿನ್ನ ಗುಳಿಗೀನೂ ನಿಂದರ್ತದ! ಗುಳಿಗಿ ಏನು ಮದಿವಿ ಮಾಡ್ಕೋತದೇನಽ ಮುಹೂರ್ತ ನೋಡಾಕ?”

“ಮೂರ ದಿನ ಅಲ್ರೀ ಯಕ್ಕಾ. ಉಮ್ಮೆ ಹಾನಿಗಿ ಏನೂ ಆಗಂಗಿಲ್ಲ ಅಂದ್ರಂತ...”

“ಆಕಿ ನಡುವಿಂದು ಒಂದ ಬಿಟ್ಟಿದ್ಳು. ನೀನು ಏಳು ದಿನ ಕಂದು ಗುಳಿಗಿ ತಗೊಂಡಿ, ಅದರಾಗ ತಡಿಯೋ ಔಷಧ ಇಲ್ಲ. ಅದರ ಮ್ಯಾಲ ಮೂರು ದಿನ ಬರೀ ಹೊಟ್ಟಿ. ಹತ್ತು ದಿನ ಆತು, ಬೇಲಿ ಇಲ್ಲ ಹೊಲಕ್ಕ. ಪಟ್ಟಿ ಶುರು ಮಾಡೋದು ತಡ ಆಗೋದ ಎಲ್ಲಾಕಿಂತ ಕೆಟ್ಟದ್ದು ತಿಳಿ. ಐತವಾರ ಎಷ್ಟ ಹೊತ್ತಿಗಿ?”

“ಏನ್ರೀ ಯಕ್ಕಾ, ಅದನ್ನೆಲ್ಲ...”

“ನಾಚಿಕಿ ನಾಳಿ ಪಡು. ಎಷ್ಟ ಹೊತ್ತಿಗಿ?”

“ರಾತ್ರಿ ಹತ್ತರ ಸುಮಾರು.”

ಮರೆಮ್ಮ ಬೆರಳು ಮಡಿಚಿದಳು. ಅರವತ್ತೊಂದು ತಾಸು ಕಳೆದಿದೆ. ಗಂಡನ ಜೊತೆ ಕೂಡಿದ ಮೇಲೂ ಬಸಿರು ತಡೆಯುವ ತುರ್ತು ಗುಳಿಗೆಯ ಗಡುವು ಎಪ್ಪತ್ತೆರಡು ತಾಸು, ಅದರಲ್ಲೂ ಬೇಗ ನುಂಗಿದಷ್ಟು ಗುಣ ಹೆಚ್ಚು, ತಡವಾದಷ್ಟು ಕಡಿಮೆ. ಉಳಿದದ್ದು ಹನ್ನೊಂದು ತಾಸು. ಪ್ರೀತಿಯ ಮುಖ ನೋಡಿದಳು. ಆ ಐದು ಬಾಟಲಿ ರಕ್ತ ಇನ್ನೂ ಆ ಮುಖಕ್ಕೆ ಬಂದು ಮುಟ್ಟಿರಲಿಲ್ಲ. ತುಟಿ ಬೆಳ್ಳಗೇ ಇತ್ತು.

ಚೀಲದಲ್ಲಿ ತುರ್ತು ಗುಳಿಗೆ ಒಂದಿತ್ತು. ತೆಗೆದು ಬೆಳಕಿಗೆ ಹಿಡಿದಳು. ತಾರೀಖು ಮುಗಿದು ಎರಡು ತಿಂಗಳಾಗಿತ್ತು. ಊರ ಮಂದಿಗೆಲ್ಲ ದಿನ ಎಣಿಸಲು ಕಲಿಸುವವಳು ತನ್ನ ಚೀಲದ ದಿನ ಎಣಿಸಿರಲಿಲ್ಲ. ಬೈಯಲು ಎದುರಿಗೆ ಯಾರೂ ಇರಲಿಲ್ಲ, ಆದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಸರ್ಕಾರಿ ದವಾಖಾನೆಯ ಔಷಧಿ ಕಪಾಟಿನ ಕೀಲಿ ಅಲ್ಲಿನ ಕಂಪೌಂಡರ್ ದೇವೀಂದ್ರಪ್ಪನ ಹತ್ತಿರ. ಅವನು ಮೀಟಿಂಗಿಗೆ ಹೋಗಿದ್ದ, ಫೋನು ಬಂದ್. ಊರಿನ ಒಂದು ಮೆಡಿಕಲ್ ಅಂಗಡಿಯಲ್ಲಿ ಮುಗಿದಿತ್ತು. ಇನ್ನೊಂದರಲ್ಲಿ ಮಾಲೀಕ ಆಕೆಯನ್ನು ಮೇಲೆ ಕೆಳಗೆ ನೋಡಿ, “ಅಂಥಾದ್ದೆಲ್ಲ ನಾವು ಇಡಂಗಿಲ್ಲಬೇ. ಮತ್ತ ನಿಮಗ್ಯಾಕ ಬೇಕು ಈ ವಯಸ್ಸಿನ್ಯಾಗ?” ಅಂದ.

“ನನಗಽ ಬೇಕು. ನಿನಗೇನರ ತ್ರಾಸ ಅದ?” ಎಂದು ಹೇಳಿ ಮರೆಮ್ಮ ಬಸ್‌ಸ್ಟ್ಯಾಂಡಿಗೆ ನಡೆದಳು. ಸಂಜೆಯೊಳಗೆ ಆ ಮಾತು ಊರೆಲ್ಲ ತಿರುಗುತ್ತದೆಂದು ಆಕೆಗೆ ಗೊತ್ತಿತ್ತು. ತಿರುಗಲಿ. ಪ್ರೀತಿಯ ಹೆಸರು ತಿರುಗುವುದಕ್ಕಿಂತ ಅದು ವಾಸಿ.

ಕಲಬುರಗಿ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕೆಂಪು ಬಾಳೆಹಣ್ಣಿನ ಬುಟ್ಟಿಗಳ ನಡುವೆ ಒಂಟಿ ಕಾಲಿನಲ್ಲಿ ನಿಂತು ಬಂದಳು. ಇಳಿದು ನೋಡಿದರೆ ಒಂದೂವರೆ. ಎದುರಿಗೆ ಕಂಡ ಅಂಗಡಿಗೆ ಹೋಗಿ ಕೇಳಿದಳು. ಕೌಂಟರಿನ ಹುಡುಗಿ ಒಂದು ಡಬ್ಬಿ ತಂದಿಟ್ಟಳು. ಒಳಗೆ ಐದು ಗುಳಿಗೆ. ಏಳನೆಯ ಇಯತ್ತೆ ಓದಿದ ಕಣ್ಣು ಸಣ್ಣ ಅಕ್ಷರವನ್ನು ಬಿಡಲಿಲ್ಲ.

“ಇದು ನಿಂತ ಬಸರು ತೆಗಿಯೋದು. ನಾ ಕೇಳಿದ್ದು ನಿಂದರದಂಗ ತಡಿಯೋದು.”

“ಎರಡೂ ಒಂದೇ ಅಲ್ರೀ ಆಂಟಿ?”

“ಒಂದೇ ಅಂತ! ಮನಿಗಿ ಬರೋ ಕಳ್ಳಗ ಬಾಗಿಲ ಹಾಕೋದು, ಮನ್ಯಾಗ ಇದ್ದಾಕಿನ್ನ ಹೊರಗ ದಬ್ಬೋದು ಎರಡೂ ಒಂದೇನವ್ವ? ಡಾಕ್ಟರ ಚೀಟಿ ಇಲ್ದ ಇದನ್ನ ಕೈಯಾಗ ಕೊಟ್ಟೀದಿ. ರಕ್ತ ಇಲ್ಲದಾಕಿ ನುಂಗಿದ್ರ ಏನಾಗ್ತಿತ್ತು ಗೊತ್ತದೇನು?”

ಹುಡುಗಿ ಡಬ್ಬಿ ಒಳಗಿಟ್ಟುಕೊಂಡಳು. ಸಿಟ್ಟಿನಲ್ಲಿ ಮರೆಮ್ಮನಿಗೆ ಆಗ ನೆನಪಾಯಿತು, ಸೇಡಂ ರಸ್ತೆಯ ಖಮರುದ್ದೀನನ ಅಂಗಡಿ. ಪ್ರೀತಿಯ ಹೆರಿಗೆಯ ದಿನ ಚೀಟಿ ಹಿಡಿದು ಓಡಿದ್ದು ಅಲ್ಲಿಗೇ. ಮೊದಲೇ ಅಲ್ಲಿಗೆ ಹೋಗಬಾರದಿತ್ತೆ, ಬುದ್ಧಿ ಎಲ್ಲಿ ಮೇಯಲು ಹೋಗಿತ್ತು ಎಂದು ತನ್ನನ್ನೇ ಬೈದುಕೊಂಡು ಆಟೋ ಹತ್ತಿದಳು.

ಖಮರುದ್ದೀನನಿಗೆ ಅರವತ್ತು ದಾಟಿದೆ, ಬಿಳಿ ಗಡ್ಡ, ಮೂಗಿನ ತುದಿಗೆ ಕನ್ನಡಕ. ಮುಖ ನೋಡಿದ್ದೇ ಗುರುತು ಹಿಡಿದ. “ಆವೋ ಅಮ್ಮಾ. ಚಪ್ಪಲ್ ಹರ್ಕೊಂಡ್ ಓಡಾಡ್ತಿದ್ರಲ್ಲ, ಆ ಲಡ್ಕಿ ಕೈಸೀ ಹೈ, ಹೆಂಗಿದ್ದಾಳ?”

“ಆಕೀದೇ ಸಲುವಾಗಿ ಬಂದೀನಿ ಭಾಯಿ.” ಮರೆಮ್ಮ ಅಮಾವಾಸ್ಯೆ, ಪಾಡ್ಯ, ಮಂಗಳವಾರ ಎಲ್ಲ ಹೇಳಿದಳು. ಮುದುಕ ನಗಲಿಲ್ಲ.

“ಎಷ್ಟು ತಾಸು ಆತು?”

“ಅರವತ್ನಾಕು.”

“ಬಚ್ ಗಯೇ. ಇನ್ನಾ ಟೈಮ್ ಅದ. ಒಂದೇ ಗೋಲಿ, ಹೋದ ಕೂಡಲೇ ಕೊಡ್ರಿ. ರಾತ್ರಿ ಊಟ ಆದ್ಮ್ಯಾಲ ಅಂತ ಕೂಡಬ್ಯಾಡ್ರಿ. ಎರಡು ತಾಸಿನೊಳಗ ವಾಂತಿ ಆದ್ರ ಇನ್ನೊಂದು ಕೊಡಬೇಕು, ಅದಕ್ಕ ಎರಡು ಒಯ್ರಿ. ನಾಳಿಂದ ದಿನದ ಗೋಲಿ ಶುರು. ಆದ್ರ ಏಳು ದಿನ ಗಂಡ ಬಂದ್ರ ನಿರೋಧ ಬೇಕೇ ಬೇಕು. ಮೂರು ವಾರ ಬಿಟ್ಟು ಒಂದು ಟೆಸ್ಟ್ ಮಾಡಿ ನೋಡ್ರಿ.” ಹೇಳಿ, ಸ್ವಲ್ಪ ತಡೆದು, “ಅಮ್ಮಾ, ನೂರಕ್ಕೆ ನೂರು ಗ್ಯಾರಂಟಿ ನಾ ಹೇಳಂಗಿಲ್ಲ. ಖುದಾನ ಮರ್ಜಿ” ಎಂದ.

ಆ ಕೊನೆಯ ಮಾತು ಬಸ್ಸಿನಲ್ಲಿ ಮರೆಮ್ಮನ ಕಿವಿಯಲ್ಲೇ ಕುಳಿತಿತ್ತು. ಬಸ್ಸು ಊರೂರಿಗೆ ನಿಂತಿತು. ಒಂದು ಕಡೆ ಡ್ರೈವರ್ ಚಹಾಕ್ಕೆ ಇಳಿದ. “ಇಲ್ಲಿ ಒಂದು ಜೀವ ಹೋಗಾಕತ್ತದ, ನಿನಗ ಚಹಾದ ಚಿಂತಿ!” ಎಂದು ಕೂಗಿದಳು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಡ್ರೈವರ್ ಅರ್ಧ ಕಪ್ಪು ಚೆಲ್ಲಿ ಹತ್ತಿದ.

ಮನೆ ಮುಟ್ಟಿದಾಗ ಸಂಜೆ ಐದು. ಬಾಗಿಲಲ್ಲಿ ಚಂದಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಸುದ್ದಿ ಅಂಗಡಿಯಿಂದ ಕಟ್ಟೆಗೆ, ಕಟ್ಟೆಯಿಂದ ಅವಳ ಕಿವಿಗೆ ಬಂದಾಗಿತ್ತು. ಮರೆಮ್ಮನಿಗೆ ಯಾಕೆ ಬೇಕು ಎಂಬುದು ಬೇರೆಯವರಿಗೆ ತಿಳಿದಿರಲಿಲ್ಲ, ಚಂದಮ್ಮನಿಗೆ ತಿಳಿದಿತ್ತು. ಬೆಳಗಿನಿಂದ ಸೊಸೆಯ ಕಣ್ಣು ಕೆಂಪಗಿತ್ತಲ್ಲ.

“ಬಸರು ಕಳಿಯೋ ಗುಳಿಗಿ ನನ್ನ ಹೊಸ್ತಿಲ ದಾಟಬಾರದು ಮರೆವ್ವ. ಪಾಪ ಕಟ್ಕೊಳ್ಳಾಕ ನನ್ನ ಮನೀನಽ ಸಿಕ್ತೇನು?”

ಒಳಗೆ ಪ್ರೀತಿ ಕೂಸನ್ನು ಅಪ್ಪಿಕೊಂಡು ಗೋಡೆಗೆ ಒರಗಿದ್ದಳು. ಮರೆಮ್ಮನಿಗೆ ಬೆಳಗಿನಿಂದ ಹೊಟ್ಟೆಗಿಲ್ಲ, ಕಾಲು ಸೋತಿತ್ತು. ಕೂಗಬೇಕೆಂದು ಬಾಯಿ ತೆಗೆದವಳು ಕೂಗಲಿಲ್ಲ. ಹೊಸ್ತಿಲ ಮೇಲೆ ಕುಕ್ಕರಿಸಿ ಕುಳಿತುಬಿಟ್ಟಳು.

“ಚಂದಕ್ಕ, ಬಸರು ಇದ್ರ ಅಲ್ಲೇನು ಕಳಿಯೋದು? ಐತವಾರದ ಮಾತಿಗಿ ಬುಧವಾರ ಬಸರು ಎಲ್ಲಿಂದ ಬಂತು? ಹೆಣ್ಣಿನ ತತ್ತಿ ಹೊರಗ ಬರದಂಗ ತಡೀತದ ಇದು, ಅಷ್ಟೇ. ಒಂದು ವೇಳೆ ಮೊದಲೇ ನಿಂತಿತ್ತು ಅಂದ್ರ ಇದು ಅದಕ್ಕ ಏನೂ ಮಾಡಂಗಿಲ್ಲ, ಕೂಸಿಗೂ ಕೆಡಕಿಲ್ಲ, ತಾಯಿಗೂ ಕೆಡಕಿಲ್ಲ. ಪಾಪ ಎಲ್ಲದ ಇದರಾಗ?”

“ಮತ್ತ ಅಮಾಸಿ ದಿನ...”

“ಅಮಾಸಿ ನೀ ಹೇಳಿದಿ. ಪಾಡ್ಯ ನೀ ಹೇಳಿದಿ. ಮಂಗಳವಾರ ನೀ ಹೇಳಿದಿ. ಆ ದವಾಖಾನಿ ವರಾಂಡದಾಗ ಕೂಸಿನ್ನ ಇಟ್ಕೊಂಡು ಕುಂತಿದ್ದೆಲ್ಲ, ಅವತ್ತ ಯಾವ ವಾರ ಇತ್ತು, ಹೇಳು ನೋಡೂಣು?”

ಚಂದಮ್ಮನ ಸೊಂಟದ ಮೇಲಿನ ಕೈ ಮೆಲ್ಲಗೆ ಇಳಿಯಿತು. ಸೆರಗಿನಿಂದ ಮೂಗು ಒರೆಸಿಕೊಂಡಳು. “ನೆಲ ಒರೆಸಾಕ ಬಂದಾಕಿ ರಕ್ತದ ಅರಿವಿ ಬಕೀಟಿನ್ಯಾಗ ಹಿಂಡಿದ್ಳು. ಇನ್ನಾ ಕನಸಿನ್ಯಾಗ ಬರ್ತದ ಅದು” ಎಂದಳು, ಯಾರಿಗೆ ಎಂದಿಲ್ಲದೆ. ಆಮೇಲೆ ತಾನೇ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಸೊಸೆಯ ಮುಂದೆ ಹಿಡಿದು ಗದರಿದಳು: “ನುಂಗು. ನನ್ನ ಮಾರಿ ಏನ್ ನೋಡ್ತಿ? ನಾ ನೂರು ಹೇಳ್ತೀನಿ, ಹಳೇ ಮುದುಕಿ. ನಿನಗ ಬುದ್ಧಿ ಬ್ಯಾಡೇನು?”

ಅರವತ್ತೇಳನೆಯ ತಾಸಿಗೆ ಗುಳಿಗೆ ಗಂಟಲಿಳಿಯಿತು.

ಇನ್ನು ಎರಡು ತಾಸು ವಾಂತಿಯಾಗಬಾರದು. ಮರೆಮ್ಮ ಏಳಲಿಲ್ಲ. ಚಂದಮ್ಮ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಪ್ರೀತಿ ಒಮ್ಮೆ ತೇಗಿದರೂ ಇಬ್ಬರೂ ತುತ್ತು ಕೈಯಲ್ಲಿ ಹಿಡಿದು ಅವಳ ಬಾಯಿಯನ್ನೇ ನೋಡುತ್ತಿದ್ದರು. “ಹಿಂಗ ನೋಡಿದ್ರ ಬರದಿದ್ದದ್ದೂ ಬರ್ತದ್ರಿ” ಎಂದಳು ಪ್ರೀತಿ. ಆ ನಡುವೆ ಮರೆಮ್ಮ ಅವಳ ಫೋನಿನಿಂದಲೇ ನಾಗಪುರಕ್ಕೆ ಹಚ್ಚಿದಳು.

“ಆನಂದಕುಮಾರ, ನಾ ಆಶಾ ಮರೆಮ್ಮ. ಒಂದು ವಾರ ಮನಿಗಿ ಬಂದ್ರ ನಿರೋಧ ತಗೊಂಡೇ ಬಾ.”

ಆ ಕಡೆ ಲಾರಿಯ ಸದ್ದು, ಕೆಮ್ಮು. “ಯಕ್ಕಾ, ಸ್ಪೀಕರ್ ಮ್ಯಾಲ ಅದ್ರಿ, ಪಕ್ಕದಾಗ ಕ್ಲೀನರ್ ಇದ್ದಾನ್ರಿ...”

“ಇರಲಿ, ಅವನೂ ಕೇಳ್ಲಿ. ಹೆಂಡ್ತಿ ಗುಳಿಗಿ ತಗೊಂಡಾಳೋ ಇಲ್ಲೋ ಒಂದ ಮಾತ ಕೇಳಾಕ ನಿನ್ನ ಬಾಯಾಗ ನಿಂಬಿಹಣ್ಣ ಇತ್ತೇನು?”

ಫೋನು ತಾನಾಗಿ ಕಡಿದುಹೋಯಿತು, ಅಥವಾ ಅವನು ಕಡಿದ.

ವಾಂತಿಯಾಗಲಿಲ್ಲ. ಮರುದಿನ ಗುರುವಾರ ಹೊಸ ಪಟ್ಟಿ ಶುರುವಾಯಿತು. ಆಮೇಲಿನ ಮೂರು ವಾರ ಮರೆಮ್ಮ ಯಾವ ನೆಪವಾದರೂ ಮಾಡಿ ಆ ಮನೆ ಹಾದು ಹೋದಳು. ಒಂದು ದಿನ ಪ್ರೀತಿ ಮಾವಿನಕಾಯಿ ಕಚ್ಚುತ್ತ ನಿಂತದ್ದು ಕಂಡು ಎದೆ ಝಲ್ಲೆಂದಿತು. “ಸುಮ್ಮ ತಿನ್ನಾಕತ್ತೀನ್ರಿ ಯಕ್ಕಾ, ಉಪ್ಪು ಹಚ್ಚಿ ಕೊಟ್ಟಾರ” ಎಂದರೂ ನಂಬಲಿಲ್ಲ. ಮನೆಗೆ ಬಂದು ಖಂಡೆಪ್ಪನ ಮೇಲೆ ಹರಿಹಾಯ್ದಳು. “ಯಾರ ಸೊಸೀನೋ ಮಾವಿನಕಾಯಿ ತಿಂದ್ರ ನನಗ್ಯಾಕ ಬೈತಿ?” ಎಂದು ಅವನು ಎದ್ದು ಹೊರಗೆ ಹೋದ.

ಮೂರನೆಯ ವಾರದ ಬುಧವಾರ ಬಸಿರಿನ ಟೆಸ್ಟಿನ ಪಟ್ಟಿ ಹಿಡಿದು ಹೋದಳು. ಬೆಳಗಿನ ಏಳು. ಪ್ರೀತಿ ಬಚ್ಚಲಿನಿಂದ ಮೂತ್ರದ ಬಟ್ಟಲು ತಂದಿಟ್ಟಳು. ಮೂವರೂ ಅಂಗಳದಲ್ಲಿ ಅದರ ಸುತ್ತ ಕುಳಿತರು. ಮರೆಮ್ಮ ಹನಿ ಹಾಕಿದಳು. ಐದು ನಿಮಿಷ ಕಾಯಬೇಕು. ಒಂದು ಗೆರೆ ಕೂಡಲೇ ಮೂಡಿತು. ಎರಡನೆಯದು ಬಂದರೆ ಬಸಿರು. ಚಂದಮ್ಮ ಕೈಮುಗಿದು ಕಣ್ಣು ಮುಚ್ಚಿದ್ದಳು. ಕೂಸು ಅಂಬೆಗಾಲಿಡುತ್ತ ಬಂದು ಬಟ್ಟಲಿಗೆ ಕೈ ಹಾಕಿತು. ಮೂವರೂ ಒಟ್ಟಿಗೆ ಕಿರುಚಿದ್ದಕ್ಕೆ ಹೆದರಿ ಅಳತೊಡಗಿತು.

ಐದು ನಿಮಿಷ ಕಳೆಯಿತು. ಮರೆಮ್ಮ ಇನ್ನೂ ಐದು ನಿಮಿಷ ಕಾದಳು. ಬಿಸಿಲಿಗೆ ಹಿಡಿದಳು, ನೆರಳಿಗೆ ಹಿಡಿದಳು, ಕಣ್ಣ ಹತ್ತಿರ ತಂದಳು.

“ಏನ್ರೀ ಯಕ್ಕಾ?”

“ಒಂದೇ ಗೆರಿ.”

ಪ್ರೀತಿ ಮುಖ ಮುಚ್ಚಿಕೊಂಡು ಅತ್ತಳು. ಚಂದಮ್ಮ ಅಳುವ ಕೂಸನ್ನೂ ಅಳುವ ಸೊಸೆಯನ್ನೂ ಒಂದೇ ತೆಕ್ಕೆಗೆ ಎಳೆದುಕೊಂಡಳು. ಮರೆಮ್ಮ ತನಗೇ ತಿಳಿಯದೆ ಸೆರಗು ಕಣ್ಣಿಗೆ ಒತ್ತಿಕೊಂಡಳು. ಆಕೆಗೆ ಅದು ಸೇರಲಿಲ್ಲ.

“ಸಾಕು ಅಳೂದು. ಇವತ್ತಿನ ಗುಳಿಗಿ ನುಂಗೀದೇನು?”

ಪ್ರೀತಿ ಕಣ್ಣೊರೆಸಿಕೊಂಡು ಆಕೆಯನ್ನೇ ನೋಡಿದಳು. “ಯಕ್ಕಾ, ಈಗ ಮುಂಜಾನಿ ಏಳು ಆಗ್ಯದ. ಗುಳಿಗಿ ರಾತ್ರಿ ಉಂಡಮ್ಯಾಲ. ನೀವೇ ಹೇಳೀರಿ, ದಿನಾ ಒಂದೇ ಹೊತ್ತಿಗಿ ಅಂತ.”

ಮರೆಮ್ಮನಿಗೆ ಬೈಯಲು ಏನೂ ಸಿಗಲಿಲ್ಲ. ಕೊಡೆ ತೆಗೆದುಕೊಂಡು ಮುಂದಿನ ಮನೆಗೆ ನಡೆದಳು.